ಹೆಗಲೆತ್ತರದ ಗೀರು

ಓಣಿಯ ಬಾಯಲ್ಲಿ ಒಂದು ಲೇತ್ ನಿಂತಿತು, ಆಮೇಲೆ ಇನ್ನೊಂದು, ಆಫ್ತಾಬನ ಕಾರ್ಖಾನೆಯ ಮೂರೂ ಒಟ್ಟಿಗೆ — ಹಾಗಾದರೆ ಜಹೀದಾ ಆಪಾಳ ಮಯ್ಯತ್ ಹೊತ್ತವರು ಮನೆ ಬಿಟ್ಟರು, ಅತಿಯಾಳ ಕೈಯಲ್ಲಿ ಹಸಿರು ಅರಗಿನ ಕಡ್ಡಿ, ತಿರುಗುವ ಮರದ ಮೇಲೆ ಬಣ್ಣ ಅರ್ಧ ಹರಡಿದೆ, ಈಗ ನಿಲ್ಲಿಸಿದರೆ ಅರಗು ಬಳೆಯ ಹಾಗೆ ಗಟ್ಟಿ ಕೂತುಬಿಡುತ್ತದೆ, ನಿಲ್ಲಿಸದಿದ್ದರೆ ಸಾವಿಗೂ ಮೆಷಿನ್ ನಿಲ್ಲಿಸದವಳು ಅನ್ನುತ್ತಾರೆ, ಅನ್ನಲಿ, ಆಡುವವರ ಬಾಯಿಗೆ ಬೀಗ ಹಾಕಲಾದೀತೇ, ಹೋದ ತಿಂಗಳು ಮಸೀದಿ ಕಮಿಟಿಯ ಇಸ್ರಾರ್ ಭಾಯಿ ಟೇಪು ಹಿಡಿದು ಬಂದು ಅವಳ ಶೆಡ್ಡಿನ ಮೂಲೆಗೆ ಸುಣ್ಣದ ಗೆರೆ ಎಳೆದು ಹೇಳಿದ್ದ, ಎರಡಡಿ ಅಷ್ಟೇ ಕಣಮ್ಮ, ಖಬರಸ್ತಾನಕ್ಕೆ ಇರೋದು ಇದೊಂದೇ ದಾರಿ, ಈ ಮೂಲೇಲಿ ಜನಾಜಾದ ಡೋಲಿ ತಿರುಗಲ್ಲ, ಜಮಾತಿನ ಕೆಲ್ಸ, ನೀನ್ ಕೊಡ್ದಿದ್ರೂ ತಗೋತೀವಿ. ಎರಡಡಿ ಅಷ್ಟೇ! ಎಂಟಡಿಯ ಶೆಡ್ಡಿನಲ್ಲಿ ಎರಡಡಿ ಹೋದರೆ ಲೇತ್ ಎಲ್ಲಿ ಕೂರಬೇಕು, ಇವನ ತಲೆಯ ಮೇಲೆಯೇ? ಗಂಡ ಮೆಹಬೂಬ್ ಬಿಟ್ಟುಹೋದದ್ದು ಈ ಮೂಲೆ, ಈ ಲೇತ್, ಹೊರಗೋಡೆಯ ಮೇಲೆ ಹೆಗಲೆತ್ತರದಲ್ಲಿ ಒಂದು ಗೀರು. ಅವಳೂ ಮಗಳು ಕೆಹಕಶಾನಳೂ ಉಣ್ಣುವುದು ಈ ಲೇತಿನಿಂದಲೇ.

ಆದರೆ ಗೆದ್ದಳಲ್ಲವೇ, ಕಳೆದ ಜುಮ್ಮಾ ನಮಾಜ್ ಆದ ಮೇಲೆ, ಮಸೀದಿಯ ಮೆಟ್ಟಿಲ ಕೆಳಗೆ ಬುರ್ಖಾದೊಳಗೆ ಬೆವರುತ್ತ ನಿಂತಾಗ, ಪಕ್ಕದಲ್ಲಿ ಜಹೀದಾ ಆಪಾ, ಕೈ ಬಿಡಲಿಲ್ಲ ಪುಣ್ಯಾತ್ಗಿತ್ತಿ, ಮಸೀದಿಯ ಇಮಾಮ್ ಹಜ್ರತ್ ಜಾಗದ ಪತ್ರ ಓದಿ ಕನ್ನಡಕ ತೆಗೆದರು, ಜಾಗ ಈ ತಾಯೀದು, ಯಾರೂ ಮುಟ್ಟಂಗಿಲ್ಲ, ಖಲೀಫಾ ಉಮರ್ ಅಂಥೋರೇ ಮದೀನಾದ ಮಸೀದಿ ದೊಡ್ಡದು ಮಾಡಕ್ಕೆ ಅಬ್ಬಾಸರ ಮನೆ ಕೇಳಿದ್ರು, ಅವ್ರು ಕೊಡಲ್ಲ ಅಂದ್ರು, ನ್ಯಾಯಕ್ಕೆ ಹೋಯ್ತು, ತೀರ್ಪು ಖಲೀಫರಿಗೇ ವಿರುದ್ಧ ಬಂತು, ಇನ್ನು ನಮ್ಮ ಕಮಿಟಿ ಯಾವ ಲೆಕ್ಕ ಇಸ್ರಾರ್? ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಅವಳ ಕಡೆ ನೋಡದೆ, ಕನ್ನಡಕ ಒರೆಸುತ್ತ, ತೀರ್ಪು ಆದ್ಮೇಲೆ ಅಬ್ಬಾಸರು ಅವರಾಗೇ ಕೊಟ್ರು, ಅದು ಬೇರೆ ಮಾತು ಅಂದರು. ಬೇರೆ ಮಾತೇ! ಆಪಾ ದಾರಿಯುದ್ದಕ್ಕೂ ನಕ್ಕಳು, ಗೆದ್ದೆ ಕಣೇ, ಬುಡ್ಬ್ಯಾಡ, ಒಂದು ಗೇಣೂ ಬುಡ್ಬ್ಯಾಡ. ಅರಗು ಒತ್ತುವುದನ್ನು ಕಲಿಸಿದವಳು ಅವಳೇ, ಈದ್‌ಗೆ ಮುಂಚೆ ಆ ಗೀರಿನ ಮೇಲೆ ಸುಣ್ಣ ಬಳಿದವಳೂ ಅವಳೇ. ಅದು ಶುಕ್ರವಾರ, ಇವತ್ತು ಮಂಗಳವಾರ.

ಪಕ್ಕದ ಲೇತೂ ನಿಂತಿತು. ಈಗ ಓಣಿಯಲ್ಲಿ ಸದ್ದು ಮಾಡುತ್ತಿರುವುದು ಅವಳದೊಂದೇ, ಕಲಿಮಾ ಹೇಳುವ ದನಿಗಳು ಹತ್ತಿರ ಬಂದವು, ಚಪ್ಪಲಿಗಳ ಸದ್ದು ಬಂತು, ಸ್ವಿಚ್ಚು ಎಲ್ಲಿ, ಸ್ವಿಚ್ಚು — ಆರಿತು, ಹಸಿರು ಬಳೆ ಕೂತೇಬಿಟ್ಟಿತು. ನಿಲ್ಲಿ ನಿಲ್ಲಿ, ಓರೆ ಮಾಡ್ರಪ್ಪಾ, ಒಸಿ ಓರೆ, ತಲೆ ಕಡೆ ಎತ್ರಿ — ಇಸ್ರಾರನ ಇದೇ ದನಿ, ಇದೇ ಮಾತು, ಮೆಹಬೂಬನನ್ನು ಹೊತ್ತೊಯ್ದ ದಿನವೂ ಇದೇ, ಕಿಟಕಿಯ ಸಂದಿಯಿಂದ ನೋಡಿದ್ದಳು, ಡೋಲಿ ಗೋಡೆಗೆ ಗೀರಿ ಓರೆಯಾದಾಗ ಚಾದರದ ಕೆಳಗೆ ಅವನ ತಲೆ ಗೋಡೆಯ ಕಡೆ ಹೊರಳಿತ್ತು, ಮನೆ ಕಡೆ ನೋಡಿದ ಅಂದುಕೊಂಡು ಎಂಟು ವರ್ಷ ಸಮಾಧಾನ ಮಾಡಿಕೊಂಡಿದ್ದಾಳೆ, ಸುಳ್ಳು, ಹೊರಳಿಸಿದ್ದು ಈ ಗೋಡೆ. ಒಳಗಿನಿಂದ ಗೋಡೆಗೆ ಅಂಗೈ ಇಟ್ಟಳು. ಬೈಯಲಿ ಇಸ್ರಾರ್, ಒಂದು ಮಾತು ಬೈಯಲಿ, ಪತ್ರ ಎತ್ತಿ ಅವನ ಮುಖಕ್ಕೆ ಹಿಡಿಯುತ್ತಾಳೆ — ಅವನು ಅಂದದ್ದು ಇಷ್ಟೇ, ನಿಧಾನಕ್ಕೆ ಕಣ್ರಪ್ಪಾ, ಪಾಪ ಆಯಮ್ಮನ ಗೋಡೆ, ಸುಣ್ಣ ಉದುರೀತು. ಕರ್ರ್ ಎಂದು ಮರ ಉಜ್ಜಿಕೊಂಡು ಹೋದದ್ದು ಅಂಗೈಗೆ ತಾಗಿತು, ಆಪಾ, ಆಪಾ, ನಿನ್ನ ತಲೆ ಯಾವ ಕಡೆ ಹೊರಳಿತೇ?

ಹೋದರು. ಲೇತುಗಳು ಒಂದೊಂದೇ ಶುರುವಾದವು, ಅವಳದು ಇಲ್ಲ, ಕೆಹಕಶಾನ್, ಸ್ಪ್ಯಾನರ್ ತಗೊಂಡು ಬಾರೇ, ಯಾಕಮ್ಮೀ, ಲೇತಿನ ಬೋಲ್ಟ್ ಬಿಚ್ಬೇಕು, ಎರಡಡಿ ಬಿಡ್ಬೇಕು, ಬಿಚ್ಚಿ ಎಲ್ಲಿಡ್ತೀಯ, ಎಲ್ಲಿಡುವುದು, ಅಡುಗೆಮನೆಯಲ್ಲೋ, ಮಲಗುವ ಕಡೆಯೋ, ಗೊತ್ತಿಲ್ಲ, ಹೊರಗೆ ಬಂದಳು, ಮೂಲೆಗೆ ಬಂದಳು, ಸುಣ್ಣ ಕಿತ್ತು ಹೆಗಲೆತ್ತರದಲ್ಲಿ ಹಸಿ ಗೀರು, ಗೀರಿಗೆ ಸಿಕ್ಕಿಕೊಂಡ ಒಂದು ಮಲ್ಲಿಗೆ ಎಸಳು, ಆ ಗೀರು, ಆ ಎಸಳು —