ಕೈಪಿಡಿಯ ಉದಾಹರಣೆ

ತಂಗಿ ಬೀಸಿದ ಸ್ಪ್ಯಾನರ್ ಬಿರುಗಾಳಿಯ ಭುಜಕ್ಕೆ ಬಿದ್ದಾಗ ಕಾರ್ಖಾನೆಯವರೆಲ್ಲ ಬಾಯಿ ಬಿಟ್ಟುಕೊಂಡು ನಿಂತರು. ಯಾರಿಗೂ ದನಿ ಎತ್ತರಿಸಿ ಮಾತಾಡಿದವಳಲ್ಲ ಅವಳು. ಅಣ್ಣ ಕೆಳಗೆ ತಗಡು ಒತ್ತುವ ಪ್ರೆಸ್ ನಡೆಸುತ್ತಿದ್ದ, ಅವಳು ಮೇಲಿನ ಕೋಣೆಯಲ್ಲಿ ಅದೇ ಪ್ರೆಸ್ಸಿಗೆ ಪ್ರೋಗ್ರಾಂ ಬರೆಯುತ್ತಿದ್ದಳು. ಅದಕ್ಕೇ ಎಲ್ಲರ ಬಾಯಲ್ಲೂ ತಂಗಿ. ಬಿರುಗಾಳಿ ಅವಳ ಮೇಲಧಿಕಾರಿ. ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ, ಆ ಹೆಸರು ಬಂದದ್ದೇ ಹಾಗೆ.

ಹಿಂದಿನ ವಾರ ಪ್ರೆಸ್ ಅಣ್ಣನ ಬಲಗೈ ಬೆರಳುಗಳನ್ನು ತಗಡಿನ ಜೊತೆಗೇ ಜಜ್ಜಿಹಾಕಿತ್ತು. ಅಚ್ಚಿನ ಸಂದಿಯಲ್ಲಿ ರಕ್ತ ಇನ್ನೂ ಕಪ್ಪಗೆ ಅಂಟಿಕೊಂಡಿತ್ತು. ಅದನ್ನು ಒರೆಸುವಷ್ಟೂ ಪುರುಸೊತ್ತಿಲ್ಲದೆ ಬಿರುಗಾಳಿ ಇವತ್ತು ಪ್ರೆಸ್ಸಿನ ಮೋಟಾರ್ ಚಾಲೂ ಮಾಡಿಸಿದ್ದ. "ಇಡಬಾರದ ಕಡೆ ಕೈ ಇಟ್ಟ, ಹೋಯ್ತು. ಯಂತ್ರದ್ದೇನ್ರೀ ತಪ್ಪು? ಪರೀಕ್ಷೆ ಎಲ್ಲಾ ಹಸಿರಿದೆ," ಎಂದು ಕೆಲಸಗಾರರಿಗೆ ಹೇಳುತ್ತಿದ್ದಾಗಲೇ ಪೆಟ್ಟು ಬಿದ್ದದ್ದು.

ಆ ಹಸಿರಿನ ಪದ್ಧತಿ ತಂದವಳು ತಂಗಿಯೇ. ಕಂಪ್ಯೂಟರಿನಲ್ಲೇ ಇಟ್ಟ ಕೈಪಿಡಿಯಲ್ಲಿ ಪ್ರತಿ ನಿಯಮದ ಕೆಳಗೆ ಒಂದು ಉದಾಹರಣೆ, ಅದಕ್ಕೆ ಬರಬೇಕಾದ ಉತ್ತರ. ಪ್ರೋಗ್ರಾಂನಲ್ಲಿ ಯಾರು ಏನು ಮುಟ್ಟಿದರೂ ಕಂಪ್ಯೂಟರ್ ಆ ಉದಾಹರಣೆಗಳನ್ನೆಲ್ಲ ತಾನೇ ಓಡಿಸಿ ನೋಡುತ್ತಿತ್ತು. ಉತ್ತರ ಹೊಂದಿದರೆ ಹಸಿರು, ಇಲ್ಲದಿದ್ದರೆ ಕೆಂಪು. ಅಚ್ಚಿನ ಮುಂದೆ ಕಾವಲಿಗಿಟ್ಟ ಬೆಳಕಿನ ಕಿರಣಗಳ ತೆರೆಗೆ ಕೈ ಅಡ್ಡ ಬಂದರೆ ಉತ್ತರ, "ನಿಲ್ಲು". ಅದನ್ನು ಬರೆದ ದಿನ ಅವಳೇ ಹೇಳಿದ್ದಳು: "ಹಸಿರಿದ್ರೆ ಹೆದರ್ಬೇಡ ಅಣ್ಣಾ." ಅವನು ಹೆದರಲಿಲ್ಲ.

ಇವತ್ತು ಬೆಳಿಗ್ಗೆ ಅವಳು ಕೈಪಿಡಿ ತೆರೆದರೆ ಅದೇ ಉದಾಹರಣೆಯ ಎದುರು "ಮುಂದುವರಿ" ಎಂದಿತ್ತು. ತಿದ್ದಿದವನ ಜಾಗದಲ್ಲಿ ಬಿರುಗಾಳಿಯ ಹೆಸರು, ಅಪಘಾತಕ್ಕೂ ಮೊದಲಿನ ದಿನಾಂಕ. ಧೂಳು ಅಡ್ಡ ಬಂದರೂ ಪ್ರೆಸ್ ನಿಂತು ಕೆಲಸ ಕುಂಟುತ್ತದೆಂದು ಅವನು ಪ್ರೋಗ್ರಾಂ ಸಡಿಲಿಸಿದ್ದ. ಕೆಂಪು ಬಂತು. ಪ್ರೋಗ್ರಾಂ ಸರಿಮಾಡುವ ಬದಲು ಮಹಾನುಭಾವ ಕೈಪಿಡಿಯ ಉತ್ತರವನ್ನೇ ತಿದ್ದಿದ. ಕಳ್ಳನ ಮಾತನ್ನೇ ಸಾಕ್ಷಿಯ ಬಾಯಿಗೂ ತುರುಕಿದ ಮೇಲೆ ಎರಡೂ ಹೊಂದದೆ ಇರುತ್ತವೆಯೇ?

"ಹುಚ್ಚು ಹಿಡೀತಾ ನಿಂಗೆ?" ಬಿರುಗಾಳಿ ಅವಳ ಕೆನ್ನೆಗೆ ಬಾರಿಸಿದ. ತುಟಿ ಒಡೆಯಿತು. ತಂಗಿ ಸ್ಪ್ಯಾನರನ್ನು ಅವನ ಮೊಣಕಾಲಿಗೆ ಬೀಸಿದಳು. ಅವನು ಕುಸಿಯುತ್ತಿದ್ದಂತೆ ಮುಂಗೈ ಹಿಡಿದೆಳೆದು ಅಚ್ಚಿನ ಕೆಳಗೆ ಒತ್ತಿ, ಅಚ್ಚು ಇಳಿಸುವ ಪೆಡಲ್ ಮೇಲೆ ಕಾಲಿಟ್ಟಳು.

"ಯಾರಾದ್ರೂ ಹತ್ರ ಬಂದ್ರೆ ತುಳೀತೀನಿ!" ಮುಂದೆ ಬಂದವರು ಅಲ್ಲೇ ನಿಂತರು. "ಹಸಿರು ಅಂದ್ರಲ್ಲ ಸಾರ್, ಕೈಪಿಡಿ ಉದಾಹರಣೆ ಇಲ್ಲೇ ಓಡಿಸೋಣ."

"ಬೇಡ! ನಿಲ್ಲಲ್ಲ ಅದು! ಕೈ ಇದ್ರೂ ನಿಲ್ಲಲ್ಲ, ನಾನೇ ಬದಲಾಯಿಸಿದ್ದು!"

ಎಲ್ಲರ ಕಿವಿಗೂ ಬಿತ್ತು. ಸಾಕಾಗಿತ್ತು. ಆದರೆ ಅವಳಿಗೆ ಸಾಕಾಗಲಿಲ್ಲ. ಆ ಬೆರಳುಗಳು ಜಜ್ಜಿಹೋಗುವ ಸದ್ದು ಅವಳಿಗೆ ಬೇಕಾಗಿತ್ತು, ಹಸಿದವರಿಗೆ ಅನ್ನ ಬೇಕಾದ ಹಾಗೆ. ಕಾಲು ಭಾರವಾಯಿತು, ಮೇಲಿನ ಅಚ್ಚು ಒಮ್ಮೆ ನಡುಗಿತು. ಬಿರುಗಾಳಿ ಕಿರುಚಿದ, ಅವನ ಪ್ಯಾಂಟು ಒದ್ದೆಯಾಯಿತು.

"ತಂಗೀ."

ತನ್ನ ಬಟ್ಟೆಬರೆ ಒಯ್ಯಲು ಆಸ್ಪತ್ರೆಯಿಂದ ಬಂದಿದ್ದ ಅಣ್ಣ ಜನರ ನಡುವೆ ದಾರಿ ಮಾಡಿಕೊಂಡು ಮುಂದೆ ಬಂದ. ಬ್ಯಾಂಡೇಜು ಸುತ್ತಿದ ಕೈಯನ್ನು, ಬೆರಳಿಲ್ಲದ ಆ ಮೋಟನ್ನು, ಅವಳ ಕಣ್ಣೆದುರು ಹಿಡಿದ.

"ಅದು ನಿಲ್ಲಲ್ಲ ಅಂತ ಇದು ಹೇಳ್ತಾ ಇದೆಯಲ್ಲ ಪುಟ್ಟಾ. ಇನ್ನೊಂದು ಉದಾಹರಣೆ ಬೇಕಾ ನಿಂಗೆ?"

ತಂಗಿ ಬಿರುಗಾಳಿಯ ಕೈ ಬಿಟ್ಟಳು. ಅವನು ತೆವಳಿಕೊಂಡು ದೂರ ಸರಿದ. ಯಾರೋ ಮೋಟಾರ್ ಆರಿಸಿದರು. ಅವಳ ಕಾಲು ಮಾತ್ರ ಪೆಡಲ್ ಮೇಲಿಂದ ಏಳಲೊಲ್ಲದು. ಕೊನೆಗೆ ಅಣ್ಣನೇ ಬಗ್ಗಿ, ಇದ್ದ ಒಂದು ಕೈಯಿಂದ ಅದನ್ನು ಎತ್ತಿ ನೆಲಕ್ಕಿಟ್ಟ.