ಹದಿನೆಂಟು ಕಿವಿ

ಬೆಳಿಗ್ಗೆ ಏಳೂವರೆ. ನಾಟಕದ ಮೇಷ್ಟ್ರು ಉಜ್ಜನಪ್ಪನವರು ರಾತ್ರಿಯೇ ತೀರಿಕೊಂಡಿದ್ದರು. ದಾವಣಗೆರೆ ಹಳೇಪೇಟೆಯ ಅವರ ಮನೆಯ ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಕೂರಿಸಿದ್ದ ದೇಹ ಎಡಕ್ಕೆ ವಾಲುತ್ತಿತ್ತು. ಖುದ್ದೂಸ್ ಅದರ ಬೆನ್ನ ಹಿಂದೆ ಕೈ ತೂರಿಸಿ ದಿಂಬು ಒತ್ತುತ್ತಿದ್ದ.

"ಇನ್ನೊಂಚೂರು ಕೆಳಗೆ, ಸೊಂಟಕ್ಕೆ ಕೊಡೋ" ಎಂದರು ಶಿವಮೂರ್ತಪ್ಪ.

"ಸೊಂಟಕ್ಕೆ ಕೊಟ್ರೆ ಮುಂದಕ್ಕೆ ಬಾಗ್ತಾರ್ರಿ. ನಾಟಕದಾಗೆ ನೀವು ಹಿರೇರು ಇರಬಹುದು, ದಿಂಬಿನಾಗೆ ನಾನೇ ಹಿರಿಯ."

ಖುದ್ದೂಸ್‌ಗೆ ಹರಿಹರದಲ್ಲಿ ಹಾಸಿಗೆ ಹೊಲಿಯುವ ಅಂಗಡಿ. ನಸುಕಿನಲ್ಲಿ ಬಸ್ ಸ್ಟ್ಯಾಂಡಿನ ಹೋಟೆಲಿಗೆ ಫೋನು ಬಂದಿತ್ತು; ಹೋಟೆಲಿನವರು ಬಂದು ಬಾಗಿಲು ಬಡಿದಿದ್ದರು. ಅವನು ಮೊದಲ ಬಸ್ಸಿಗೇ ಹೊರಟು ಬಂದಿದ್ದ. ಶಿವಮೂರ್ತಪ್ಪನವರು ಮಂಡಿಪೇಟೆಯ ಮೆಣಸಿನಕಾಯಿ ವ್ಯಾಪಾರಿ. ಮೇಷ್ಟ್ರಿಂದ ನಾಟಕ ಬರೆಯುವುದನ್ನು ಕಲಿತವರಲ್ಲಿ ಎಲ್ಲರಿಗಿಂತ ಹಿರಿಯರು. ಅವರ ನಾಟಕಗಳನ್ನು ಎರಡು ಕಂಪನಿಗಳು ಆಡುತ್ತಿದ್ದವು.

ದಿಂಬು ಕೂತಿತು. ಗೋಡೆಯ ಗೂಟಕ್ಕೆ ಕಟ್ಟಿದ್ದ ಬಿಳಿ ವಸ್ತ್ರದ ಆಸರೆಯಲ್ಲಿ ಮೇಷ್ಟ್ರ ತಲೆ ನೆಟ್ಟಗೆ ನಿಂತಿತು. ಹಣೆಯ ವಿಭೂತಿ ಇನ್ನೂ ಒದ್ದೆಯಾಗಿತ್ತು.

ಅಷ್ಟರಲ್ಲಿ ಬೀದಿಯ ತುದಿಯಿಂದಲೇ ದನಿ ಕೇಳಿಸಿತು. ಮೇಷ್ಟ್ರ ತಂಗಿ ಕಸ್ತೂರಮ್ಮ ಮಾಯಕೊಂಡದಿಂದ ಬಂದಿದ್ದರು. ಹೊಸಿಲು ದಾಟುವ ಮೊದಲೇ ಹಾಡಿಕೊಂಡು ಅಳುತ್ತ, ಅಣ್ಣನ ಕಾಲಿನ ಮೇಲೆ ಬಿದ್ದರು. "ಹಬ್ಬಕ್ಕೆ ಕರೆಯಾಕೆ ಇನ್ಯಾರು ಬರ್ತಾರಪ್ಪಾ, ನನ್ನ ಬುತ್ತಿಗಂಟು ಇನ್ಯಾರ ಮನಿಗೆ ಒಯ್ಲಪ್ಪಾ..." ಒಂದು ಮಾತು ಮುಗಿಯುತ್ತಲೇ ಇನ್ನೊಂದು ಬರುತ್ತಿತ್ತು. ಸುತ್ತ ಕೂತಿದ್ದ ಹೆಂಗಸರೆಲ್ಲ ಆ ರಾಗ ಹಿಡಿದು ಅತ್ತರು.

ಒಬ್ಬರು ಮಾತ್ರ ಅಳಲಿಲ್ಲ. ಮೇಷ್ಟ್ರ ಹೆಂಡತಿ ಮರುಳಸಿದ್ದಮ್ಮ ಕಂಬಕ್ಕೆ ಒರಗಿ, ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದರು. ಕಣ್ಣು ಒಣಗಿದ್ದವು.

"ಅತ್ತಿಗೆ, ಅಳಬೇ ನೀನು" ಎಂದು ಕಸ್ತೂರಮ್ಮ ಅವರ ಭುಜ ಹಿಡಿದು ಅಲುಗಿಸಿದರು. "ಕಟ್ಟಿಕೊಂಡಾಕಿ ಎರಡು ಮಾತು ಆಡಿ ಕಳಿಸದಿದ್ರೆ ಹೋದ ಜೀವಕ್ಕೆ ಸಮಾಧಾನ ಎಲ್ಲಿಂದ ಬರಬೇಕು?"

ಮರುಳಸಿದ್ದಮ್ಮ ನಾದಿನಿಯ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು, ಎದ್ದು ಅಡಿಗೆಮನೆಗೆ ಹೋದರು.

"ಕಲ್ಲುಮನಸಿನಾಕಿ" ಎಂದಳು ಪಕ್ಕದ ಮನೆಯ ಕೊಟ್ರವ್ವ.

"ಬಾಳೇವು ಹೆಂಗಿತ್ತೋ ಏನೋ, ಯಾರಿಗೆ ಗೊತ್ತು" ಎಂದಳು ಇನ್ನೊಬ್ಬಳು.

ಖುದ್ದೂಸ್‌ಗೆ ಮೈ ಉರಿಯಿತು. ಹತ್ತು ವರ್ಷ ಈ ಮನೆಗೆ ನಡೆದುಕೊಂಡವನು ಅವನು. ಮೇಷ್ಟ್ರು ಹಾಸಿಗೆ ಹಿಡಿದ ಮೇಲೆ ಅವರಿಗೆ ಗಂಜಿ ಕುಡಿಸಿ, ಮಗ್ಗುಲು ಹೊರಳಿಸಿ, ರಾತ್ರಿಯೆಲ್ಲ ಕೂತಿದ್ದವರು ಮರುಳಸಿದ್ದಮ್ಮನೇ. ಆದರೆ ಸಾವಿನ ಮನೆಯಲ್ಲಿ ಹೆಂಗಸರ ಮಾತಿಗೆ ಗಂಡಸು ಅಡ್ಡ ಬರುವಂತಿಲ್ಲ. ಅವನು ಅಂಗಳಕ್ಕೆ ಬಂದ.

ಅಂಗಳದ ಚಪ್ಪರದಡಿ ಶಿಷ್ಯರು ಕೂತಿದ್ದರು. ಮಲೆಬೆನ್ನೂರಿನ ಮಾಸ್ತರು ಒಬ್ಬರು, ಭಾನುವಳ್ಳಿಯ ರೈತರು ಇಬ್ಬರು, ಕೋರ್ಟಿನ ಗುಮಾಸ್ತ, ಉಳಿದವರು ಊರಿನವರೇ. ಎಲ್ಲರೂ ನಾಟಕ ಬರೆಯುವವರು. ಶಿವಮೂರ್ತಪ್ಪ ಬೀಡಿ ಹಚ್ಚಿ ಹೇಳುತ್ತಿದ್ದರು: "ಮೇಷ್ಟ್ರು ಎದ್ದು ಕೂತ್ರೆ ಏನಂತಿದ್ರು ಹೇಳ್ಲಾ? 'ಈ ಸೀನು ಭಾಳ ಉದ್ದ ಆತು ಕಣ್ರೋ, ಹೆಣ ಎತ್ರಿ.'"

ಒಂದಿಬ್ಬರು ನಕ್ಕು, ನಕ್ಕಿದ್ದಕ್ಕೆ ನಾಚಿ ತಲೆ ತಗ್ಗಿಸಿದರು.

"ಖುದ್ದೂಸ್, ನೀನು ಒಳಗೆ ಹೊರಗೆ ಓಡಾಡ್ತೀಯ" ಎಂದು ಶಿವಮೂರ್ತಪ್ಪ ದನಿ ತಗ್ಗಿಸಿದರು. "ಅಮ್ಮ ಅತ್ತಾಗ ಏನೇನು ಅಂತಾರೆ, ಕಿವಿಯಾಗೆ ಇಟ್ಕೋ. ಭಾನುವಾರ ಶ್ರದ್ಧಾಂಜಲಿ ಸಭೆ ಐತಲ್ಲ, ಅಲ್ಲಿ ಅದನ್ನೇ ಹೇಳಿದ್ರೆ ಮಂದಿ ಕರಗಿಹೋಗ್ತಾರೆ."

"ನೀವೂ ಇಲ್ಲೇ ಕೂತೀರಲ್ಲ, ಕೇಳ್ಸಂಗಿಲ್ವಾ?"

"ಕೇಳ್ತೀವಿ, ಎಲ್ಲರೂ ಕಿವಿ ಕೊಟ್ಕಂಡೇ ಕೂತೀವಿ. ಮೇಷ್ಟ್ರು ಕಲಿಸಿದ್ದು ಮತ್ತಿನ್ನೇನು?"

*

ಮೇಷ್ಟ್ರು ಕಲಿಸಿದ್ದು ಅದನ್ನೇ. ಶಿವಮೂರ್ತಪ್ಪನವರ ಮಂಡಿಯ ಮಹಡಿಯಲ್ಲಿ ಭಾನುವಾರ ಮಧ್ಯಾಹ್ನ ಪಾಠ ನಡೆಯುತ್ತಿತ್ತು. ಕೆಳಗಿನಿಂದ ಮೆಣಸಿನಕಾಯಿ ಘಾಟು ಬಂದು ಎಲ್ಲರೂ ಸೀನುತ್ತಿದ್ದರು. "ಸೀನೋದು ಮುಗಿಸ್ರಿ, ಆಮೇಲೆ ಸೀನು ಬರೆಯೋಣ" ಎಂದು ಮೇಷ್ಟ್ರು ಕಾಯುತ್ತಿದ್ದರು. ಹೊಸಬರ ಕೈಗೆ ಪೆನ್ನು ಕೊಡುತ್ತಿರಲಿಲ್ಲ. ವಾರವೆಲ್ಲ ಸಂತೆ, ಬಸ್ ಸ್ಟ್ಯಾಂಡು, ಆಸ್ಪತ್ರೆ ಜಗಲಿ ಸುತ್ತಿ, ಕಿವಿಗೆ ಬಿದ್ದ ಒಂದು ಮಾತು ತಂದು ಒಪ್ಪಿಸಬೇಕು. ತಿದ್ದಬಾರದು, ಸೇರಿಸಬಾರದು.

೧೯೭೧ರಲ್ಲಿ ಖುದ್ದೂಸ್ ಒಪ್ಪಿಸಿದ ಮೊದಲ ಮಾತು ಅಂಗಡಿಯದೇ. ಹಳೇ ಹಾಸಿಗೆ ಹಿಂಜಿಸಲು ಬಂದಿದ್ದ ಹೆಂಗಸೊಬ್ಬಳು, "ಅಗಲ ಕಮ್ಮಿ ಮಾಡು ಸಾಬಣ್ಣ, ಇನ್ನ ಒಬ್ಬಾಕಿನೇ ಮಲಗಾದು" ಎಂದಿದ್ದಳು.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು.

"ಗಂಡ ಸತ್ತ ಅಂತ ಆಕಿ ಅನ್ನಲಿಲ್ಲ. ನೀನೂ ಅನ್ನಲಿಲ್ಲ. ಇನ್ನ ಮೇಲೆ ನಿನ್ನ ಕೈಗೆ ಪೆನ್ನು ಕೊಡಬಹುದು."

ಮೂರು ವರ್ಷದ ಮೇಲೆ ಖುದ್ದೂಸ್‌ನ ತಂದೆ ನಬೀ ಸಾಬ್ ತೀರಿಕೊಂಡರು. ಮಣ್ಣಿಗೆ ಒಯ್ಯುವ ಮುನ್ನ ತಾಯಿ ಖತೀಜಾಬೀ ಕೆಲವು ಮಾತು ಆಡಿದಳು. ಖುದ್ದೂಸ್ ಅವನ್ನು ಮರೆಯದೆ, ದುಃಖ ಆರುವ ಮೊದಲೇ ಬರೆದು ಮೇಷ್ಟ್ರ ಮುಂದಿಟ್ಟ. ಹೊಸ ನಾಟಕದ ಕೊನೆಯ ಅಂಕಕ್ಕೆ ಅದಕ್ಕಿಂತ ಒಳ್ಳೆಯದು ಸಿಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

ಮೇಷ್ಟ್ರು ಎರಡು ಸಲ ಓದಿದರು.

"ಭಾಳ ಚಲೋ ಐತಿ. ನಿಮ್ಮವ್ವ ನಾಟಕ ನೋಡಾಕೆ ಬರ್ತಾರೇನು?"

"ಬರದೇ ಇರ್ತಾಳೇನ್ರಿ? ಮುಂದಿನ ಸಾಲಿನಾಗೇ ಕೂರ್ತಾಳೆ."

ಮೇಷ್ಟ್ರು ಹಾಳೆಯನ್ನು ನಾಲ್ಕು ಚೂರು ಮಾಡಿ ಕಿಟಕಿಯಿಂದ ಹೊರಗೆ ಹಾಕಿದರು. ಯಾಕೆಂದು ಹೇಳಲಿಲ್ಲ. ಖುದ್ದೂಸ್ ಸಿಟ್ಟಾಗಿ ಕೆಲವು ವಾರ ಪಾಠಕ್ಕೆ ಬರಲಿಲ್ಲ. ಆಮೇಲೆ ಬಂದ. ಮೇಷ್ಟ್ರು ಏನೂ ಆಗದವರಂತೆ ಚಾಪೆಯ ಮೇಲೆ ಜಾಗ ತೋರಿಸಿದರು.

*

ಮಧ್ಯಾಹ್ನ ಖುದ್ದೂಸ್ ನೀರಿನ ಕೊಡ ಹೊತ್ತು ಹಿತ್ತಲ ಬಾಗಿಲಿಂದ ಒಳಗೆ ಬಂದ. ಮರುಳಸಿದ್ದಮ್ಮ ಬೀಸುವ ಕಲ್ಲಿನ ಪಕ್ಕದಲ್ಲಿ ಒಬ್ಬರೇ ಕೂತಿದ್ದರು.

"ಅಮ್ಮಾರೆ, ಒಂದು ಲೋಟ ಚಾ ಆದ್ರೂ ಕುಡೀರಿ."

"ಬ್ಯಾಡಪ್ಪ." ಅವರೇ ಕೇಳಿದರು: "ಹೊರಗೆ ಬರೆಯೋರು ಎಷ್ಟು ಮಂದಿ ಅದೀರಿ?"

"ಒಂಬತ್ತು ಮಂದಿ ಅಮ್ಮಾರೆ, ನಾನೂ ಸೇರಿ."

"ಹದಿನೆಂಟು ಕಿವಿ" ಎಂದರು ಮರುಳಸಿದ್ದಮ್ಮ.

ಖುದ್ದೂಸ್ ಕೊಡ ಇಳಿಸಿ ಹಿತ್ತಲಿಗೆ ಬಂದ. ಬಾವಿಕಟ್ಟೆಯ ಹತ್ತಿರ ಮುಖ ತೊಳೆಯುತ್ತಿದ್ದ ಕಸ್ತೂರಮ್ಮನ ಮುಂದೆ ಆ ಮಾತು ಹೇಳಿದ. ಅವರ ಕೈಯಲ್ಲಿದ್ದ ತಂಬಿಗೆ ಅಲ್ಲೇ ನಿಂತಿತು.

"ಅಯ್ಯೋ ಶಿವನೇ. ಅದಿನ್ನೂ ಆಕಿ ಹೊಟ್ಟಿಯಾಗೇ ಐತಾ?"

"ಏನದು ಅಮ್ಮ?"

"ನೀಲಾ ಸತ್ತಾಗಿಂದು ತಮ್ಮಾ. ನಿನಗೆ ಗೊತ್ತಿಲ್ಲ, ನೀನು ಆಮೇಲೆ ಬಂದೋನು."

ಮೇಷ್ಟ್ರಿಗೆ ಒಬ್ಬ ಮಗಳಿದ್ದಳೆಂದು ಖುದ್ದೂಸ್ ಕೇಳಿದ್ದ. ಆ ಮನೆಯಲ್ಲಿ ಯಾರೂ ಅವಳ ಮಾತು ಎತ್ತುತ್ತಿರಲಿಲ್ಲ. ಕಸ್ತೂರಮ್ಮ ಬಾವಿಕಟ್ಟೆಯ ಮೇಲೆ ಕೂತು ಹೇಳಿದರು.

*

ನೀಲಾ ಏಳು ವರ್ಷದವಳು, ವಿಷಮಶೀತ ಜ್ವರದಲ್ಲಿ ಹೋದಳು. ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಮರುಳಸಿದ್ದಮ್ಮ ಅತ್ತರು: "ನೀನು ಉದ್ದ ಬೆಳಿತೀಯಂತ ಲಂಗದ ಮಡಿಕೆ ಬಿಚ್ಚಿ ಇಟ್ಟೀನಲ್ಲೇ ತಾಯಿ, ಇನ್ನ ಅದನ್ನ ಯಾರಿಗೆ ಹಿಡಿದು ನೋಡ್ಲೇ..." ಕೇಳಿದವರ ಕರುಳು ಕಿತ್ತುಬಂದಿತ್ತು. ಮೇಷ್ಟ್ರು ಗೋಡೆಗೆ ಮುಖ ಮಾಡಿ ನಿಂತಿದ್ದರು. ಅಳುತ್ತಿದ್ದಾರೆ ಎಂದುಕೊಂಡಿದ್ದರು ಎಲ್ಲರೂ.

ಮರುವರ್ಷ ಊರಿಗೆ ಕಂಪನಿ ಬಂತು. ಮೇಷ್ಟ್ರ 'ಬಾಗಿಲ ತನಕ ಬಂದವಳು' ನಾಟಕದ ಮೊದಲ ಪ್ರಯೋಗ. ಲೇಖಕರ ಹೆಂಡತಿಯೆಂದು ಮರುಳಸಿದ್ದಮ್ಮನನ್ನು ಹೆಂಗಸರ ಕಡೆ ಮುಂದೆ ಕೂರಿಸಿದರು. ಪಕ್ಕದಲ್ಲಿ ಕಸ್ತೂರಮ್ಮ. ಮೂರನೆಯ ಅಂಕದಲ್ಲಿ ತಾಯಿಯ ಪಾತ್ರದವಳು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಲಂಗದ ಮಾತು ಆಡಿದಳು. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಮ್ಮಿಯಿಲ್ಲ.

ಆಮೇಲೆ ನೆಲದ ಟಿಕೆಟ್ಟಿನ ಕಡೆಯಿಂದ ಯಾರೋ ಕೂಗಿದರು: "ಒನ್ಸ್ ಮೋರ್!" ಆ ಕೂಗು ಎಲ್ಲ ಕಡೆ ಎದ್ದಿತು. ಜನ ಮೆಚ್ಚಿ ಕೂಗಿದರೆ ಹಾಡನ್ನೋ ಮಾತನ್ನೋ ಮತ್ತೊಮ್ಮೆ ಒಪ್ಪಿಸುವುದು ಕಂಪನಿ ನಾಟಕದ ಪದ್ಧತಿ. ಪಾತ್ರದವಳು ಕಣ್ಣೊರೆಸಿಕೊಂಡು, ಎದ್ದು ಸಭೆಗೆ ಕೈಮುಗಿದು, ಮತ್ತೆ ಕೂತು, ಮಗುವನ್ನು ಮತ್ತೆ ತೊಡೆಗೆ ಎಳೆದುಕೊಂಡು, ಮೊದಲಿಂದ ಅತ್ತಳು. ಜನ ಮತ್ತೊಮ್ಮೆ ಕೂಗಿದರು. ಮತ್ತೊಮ್ಮೆ ಅತ್ತಳು.

ಆ ಹೊತ್ತಿಗೆ ಮರುಳಸಿದ್ದಮ್ಮ ಎದ್ದು ಹೋಗಿಯಾಗಿತ್ತು. ಕಸ್ತೂರಮ್ಮ ಹಿಂದೆ ಓಡಿದರು. ದಾರಿಯುದ್ದಕ್ಕೂ ಅತ್ತಿಗೆ ಒಂದೇ ಮಾತು ಆಡಿದ್ದು: "ಅಷ್ಟು ಮಂದಿಗೆ ನನ್ನ ಕೂಸು ಮತ್ತೆ ಮತ್ತೆ ಸಾಯಬೇಕಾತು."

ಗಂಡನ ಜೊತೆ ಜಗಳ ಆಡಲಿಲ್ಲ. ಅಡಿಗೆ ಮಾಡಿದರು, ಬಡಿಸಿದರು. ಆದರೆ ಹೆತ್ತವ್ವ ಸತ್ತಾಗ ಬಾಯಿ ಬಿಡಲಿಲ್ಲ, ಒಡಹುಟ್ಟಿದವನು ಸತ್ತಾಗಲೂ ಬಿಡಲಿಲ್ಲ. ನಾಟಕ ಊರೂರು ಸುತ್ತಿತು. ಮೇಷ್ಟ್ರು ಆಮೇಲೆ ಹನ್ನೊಂದು ನಾಟಕ ಬರೆದರು. ಒಂದರಲ್ಲೂ ರಂಗದ ಮೇಲೆ ಯಾರೂ ಸಾಯಲಿಲ್ಲ. ಸಾವು ಬಂದರೆ ಸುದ್ದಿಯಾಗಿ ಬರುತ್ತಿತ್ತು. ಶಿಷ್ಯರು ಅದನ್ನು ಬರವಣಿಗೆಯ ಜಾಣತನ ಎಂದುಕೊಂಡಿದ್ದರು.

"ಅಣ್ಣ ತಪ್ಪಾತು ಅಂತ ಅಂದಿದ್ನೇನು?" ಕಸ್ತೂರಮ್ಮ ತಾವೇ ಕೇಳಿ ತಾವೇ ತಲೆಯಾಡಿಸಿದರು. "ನನಗೆ ಗೊತ್ತಿಲ್ಲ ತಮ್ಮಾ. ಗಂಡಹೆಂಡ್ರ ಮಾತು."

*

ಖುದ್ದೂಸ್ ಅಂಗಳಕ್ಕೆ ಬಂದಾಗ ಮೂರು ಗಂಟೆ ದಾಟಿತ್ತು. ಹೆಣ ಕೂರಿಸಿ ಒಯ್ಯಲು ಬಾಳೆಕಂಬ ಕಟ್ಟಿದ ವಿಮಾನ ಬಾಗಿಲಲ್ಲಿ ಸಿದ್ಧವಾಗಿತ್ತು. ಭಜನೆಯವರು ತಾಳ ಬಿಚ್ಚಿಕೊಳ್ಳುತ್ತಿದ್ದರು. ನಾಲ್ಕಕ್ಕೆ ಹೊರಡುವುದೆಂದು ಕ್ರಿಯೆ ಮಾಡಿಸುವ ಅಯ್ನೋರು ಹೇಳಿದ್ದರು.

"ಎಲ್ಲರೂ ಏಳ್ರಿ" ಎಂದ ಖುದ್ದೂಸ್. "ಬೀದಿ ತುದಿಗೆ ಹೋಗೋಣ."

"ಯಾಕೋ?" ಎಂದರು ಶಿವಮೂರ್ತಪ್ಪ.

"ಅಮ್ಮಾರು ಅಳಬೇಕು. ನಾವಿದ್ರೆ ಅಳಂಗಿಲ್ಲ."

"ನಾವೇನು ಬ್ಯಾಡ ಅಂದ್ವೇ? ಲೇ ಖುದ್ದೂಸ್, ಮೂವತ್ತು ವರ್ಷದ ಸಂಬಂಧ ನಂದು. ಮೇಷ್ಟ್ರ ಸಾವಿನ ದಿನ ನನ್ನ ಅಂಗಳದಿಂದ ಎಬ್ಬಿಸಾಕೆ ನೀನ್ಯಾರು? ದಿಂಬು ಕೊಟ್ಟೆ ಅಂತ ಮನಿಯೋನೇ ಆಗಿಬಿಟ್ಟೇನು?"

ಮಲೆಬೆನ್ನೂರಿನ ಮಾಸ್ತರು, "ಇರಲಿ ಬಿಡ್ರಿ, ಈ ಹೊತ್ತಿನಾಗೆ..." ಎಂದು ನಡುವೆ ಬಂದರು.

ಖುದ್ದೂಸ್ ಕೂಗಾಡಲಿಲ್ಲ. ಶಿವಮೂರ್ತಪ್ಪನವರ ಪಕ್ಕ ಕುಕ್ಕರಗಾಲಲ್ಲಿ ಕೂತ.

"ಅಣ್ಣಾ, ಲಂಗದ ಮಾತು ಐತಲ್ಲ, ಮೂರನೇ ಅಂಕದ್ದು. ಅದನ್ನ ಮೇಷ್ಟ್ರು ಬರೀಲಿಲ್ಲ. ನೀಲಾ ಸತ್ತಾಗ ಅಮ್ಮಾರು ಅತ್ತಿದ್ದು ಅದು. ಮೊದಲ ಪ್ರಯೋಗದ ದಿನ ಅವರು ಮುಂದೇನೇ ಕೂತಿದ್ರಂತೆ."

ಶಿವಮೂರ್ತಪ್ಪನವರು ಬೀಡಿಯನ್ನು ಬಾಯಿಯ ಹತ್ತಿರ ತಂದವರು ಹಾಗೇ ಇಳಿಸಿದರು.

"ಯಾವ ಮಗ್ಗುಲಿಗೆ ಕೂತಿದ್ರು?"

"ಹೆಂಗಸರ ಕಡೆ. ಯಾಕ್ರಿ?"

"ನಾನು ನೆಲದ ಮೇಲೆ ಕೂತಿದ್ದೆ" ಎಂದರು ಶಿವಮೂರ್ತಪ್ಪ. "ಮೊದಲು 'ಒನ್ಸ್ ಮೋರ್' ಕೂಗಿದೋನು ನಾನೇ. ಇಷ್ಟು ವರ್ಷ ಕಂಡಕಂಡೋರ ಮುಂದೆ ಹೇಳ್ಕಂತ ತಿರುಗೀನಿ ಅದನ್ನ."

ಶಿವಮೂರ್ತಪ್ಪ ಬೀಡಿಯನ್ನು ನೆಲಕ್ಕೆ ಹೊಸಕಿ, ಮಂಡಿ ಹಿಡಿದುಕೊಂಡು ಎದ್ದರು. ಭಜನೆಯವರ ಕಡೆ ತಿರುಗಿದರು.

"ಏ, ಶುರು ಮಾಡ್ರಿ. ಇಲ್ಲೇ, ಬಾಗಿಲ ಮುಂದೇನೇ."

"ಹೆಣ ಎತ್ತಿದ ಮೇಲೆ ಅಲ್ವೇನ್ರಿ ಭಜನಿ?"

"ನಾನು ಹೇಳ್ತೀನಿ, ಹೊಡೀರಿ ಈಗ. ತಾಳ ಜೋರಾಗಿರಲಿ. ಪಕ್ಕದಾಗೆ ನಿಂತೋನ ಮಾತು ಪಕ್ಕದೋನಿಗೆ ಕೇಳಬಾರದು."

ಶಿಷ್ಯರೆಲ್ಲ ಒಬ್ಬೊಬ್ಬರಾಗಿ ಎದ್ದು ಬೀದಿಯ ತುದಿಗೆ ನಡೆದರು. ಖುದ್ದೂಸ್ ಒಳಗೆ ಹೋಗಿ ಪಡಸಾಲೆಯಲ್ಲಿದ್ದ ಗಂಡಸರನ್ನು ಹೊರಗೆ ಕಳಿಸಿದ. ಅಡಿಗೆಮನೆಯ ಬಾಗಿಲಲ್ಲಿ ನಿಂತು, ಒಳಗೆ ಹೋಗದೆ ಹೇಳಿದ: "ಅಮ್ಮಾರೆ, ಬರೆಯೋರು ಯಾರೂ ಇಲ್ಲ. ನಾನೂ ಹೋಗ್ತೀನಿ."

ಮರುಳಸಿದ್ದಮ್ಮ ತಲೆಯೆತ್ತಿ ಅವನನ್ನು ನೋಡಿದರು.

ಅವನು ಹೊರಗೆ ಬಂದು ತಲೆಬಾಗಿಲಿನ ಎರಡೂ ಕದ ಎಳೆದುಕೊಂಡ. ಭಜನೆ ಏರಿತ್ತು. ದಮಡಿ ವಾದ್ಯದ ಬಡಿತಕ್ಕೆ ಚಪ್ಪರದ ಗಳುಗಳು ಅದುರುತ್ತಿದ್ದವು. ಅವನು ಕದಕ್ಕೆ ಬೆನ್ನು ಕೊಟ್ಟು ನಿಂತ. ಸ್ವಲ್ಪ ಹೊತ್ತಿಗೆ ಕದದ ಹಲಗೆ ಬೆನ್ನಿಗೆ ನಡುಗಿದಂತಾಯಿತು. ಒಳಗೆ ಒಂದು ದನಿ ಎದ್ದಿತ್ತು. ಅದು ಕಸ್ತೂರಮ್ಮನ ದನಿಯಲ್ಲ. ಎಷ್ಟೋ ವರ್ಷದಿಂದ ಬಳಸದ, ಒಡಕು ದನಿ. ಖುದ್ದೂಸ್ ಕದ ಬಿಟ್ಟು ನಾಲ್ಕು ಹೆಜ್ಜೆ ಮುಂದೆ ಬಂದು, ತಾಳ ಬಡಿಯುವವರ ನಡುವೆ ನಿಂತುಕೊಂಡ.

ಅಯ್ನೋರು ಬಂದು ಅವನ ಕಿವಿಯ ಹತ್ತಿರ ಬಾಗಿ, "ನಾಲ್ಕಾತು. ಹೊತ್ತು ಮುಳುಗೋದ್ರಾಗೆ ಮಣ್ಣು ಆಗಬೇಕಪ್ಪ" ಎಂದರು.

"ಇನ್ನೊಂಚೂರು ತಡೀರಿ ಅಯ್ನೋರೆ."

"ಒಳಗೆ ಏನು ನಡದೈತಿ?"

"ಗೊತ್ತಿಲ್ರಿ" ಎಂದ ಖುದ್ದೂಸ್.

ಐದು ಗಂಟೆಗೆ ಕಸ್ತೂರಮ್ಮ ಒಳಗಿನಿಂದ ಬಾಗಿಲು ತೆಗೆದರು. ದೇಹವನ್ನು ವಿಮಾನಕ್ಕೆ ಏರಿಸಿದರು. ಮಣ್ಣು ಮುಗಿಯುವಾಗ ಕತ್ತಲಾಗಿತ್ತು. ಇಬ್ಬರು ಪೆಟ್ರೋಮ್ಯಾಕ್ಸ್ ಹಿಡಿದಿದ್ದರು.