ಸೆಹ್ರಾದ ಸೂಜಿ

ಯುಗಾದಿ ಇನ್ನೂ ಬಂದಿರಲಿಲ್ಲ, ಬಿಸಿಲು ಮಾತ್ರ ಮೊದಲೇ ಬಂದು ಕೂತಿತ್ತು. ಭಾನುವಾರ, ಮಧ್ಯಾಹ್ನದ ನಮಾಜು ಮುಗಿದ ಹೊತ್ತು. ಮಾನ್ವಿ ಪಟ್ಟಣದಲ್ಲಿ, ತಮ್ಮ ಮನೆಯ ಪಡಸಾಲೆಯಲ್ಲಿ ದಸ್ತಗೀರ್ ಸಾಬ್ ಒದ್ದೆ ಬಟ್ಟೆಯ ಮೇಲೆ ಸೂಜಿಗಳನ್ನು ಸಾಲಾಗಿ ಚುಚ್ಚಿ ನೋಡಿದರೆ ಒಂದು ಕಡಿಮೆ.

ಸೆಹ್ರಾ ಕಟ್ಟುವವರಿಗೆ ಇದಕ್ಕಿಂತ ದೊಡ್ಡ ದಿಗಿಲು ಇಲ್ಲ. ಮದುಮಗನ ಹಣೆಯಿಂದ ಎದೆಯವರೆಗೆ ಇಳಿಯುವ ಹೂವಿನ ಪರದೆ ಅದು. ಒಳಗೆಲ್ಲಾದರೂ ಸೂಜಿ ಉಳಿದರೆ ನೇರ ಕಣ್ಣಿಗೇ. ಸೂಜಿಯ ಲೆಕ್ಕ ಸಿಗದೆ ಸೆಹ್ರಾ ಕೈಬಿಟ್ಟು ಹೋಗಬಾರದೆಂದು ಅವರ ಅಪ್ಪ ಕಲಿಸಿದ್ದ. ಸಂಜೆಗೆ ದೇವದುರ್ಗದಲ್ಲಿ ನಿಕಾಹ್ ಇತ್ತು. ಆದರೂ ಅವರು ಕಟ್ಟಿ ಮುಗಿಸಿದ್ದನ್ನು ಎಳೆ ಎಳೆಯಾಗಿ ಬಿಚ್ಚಿದರು. ಹೆಂಡತಿ ಹಾಜಿರಾ ಬೀ ಚಾಪೆ ಕೊಡವಿದಳು, ಹೂವಿನ ಬುಟ್ಟಿ ಬೋರಲು ಹಾಕಿದಳು. ಸೂಜಿ ಸಿಗಲಿಲ್ಲ.

ಆಗ ಮೂಲೆಯಲ್ಲಿ ಬೆಕ್ಕು ಕೆಮ್ಮಿತು. ಬಾಯಿಂದ ಜೊಲ್ಲು ಸುರಿಯುತ್ತಿತ್ತು, ಜೊಲ್ಲಿನ ಜೊತೆ ಗೇಣುದ್ದ ಬಿಳಿ ದಾರ ಜೋತಾಡುತ್ತಿತ್ತು.

ತಪ್ಪು ಎಲ್ಲಾಯಿತೆಂದು ಅವರಿಗೆ ಹೊಳೆಯಲು ಹೊತ್ತು ಹಿಡಿಯಲಿಲ್ಲ. ಹೂವು ಮುಟ್ಟುವ ದಿನ ಅವರು ಕೈಗೆ ಸಾಬೂನು ಹಚ್ಚುತ್ತಿರಲಿಲ್ಲ, ಮಲ್ಲಿಗೆಯ ವಾಸನೆ ಕೆಡುತ್ತದೆಂದು. ಬರೀ ನೀರಲ್ಲಿ ತೊಳೆಯುವುದು. ಆವತ್ತಿನ ಊಟಕ್ಕೆ ಹೊಳೆದಂಡೆಯ ಗೂಗಲ್ ಊರಿನ ಮೀನು. ಅದೇ ಬೆರಳಲ್ಲಿ ದಾರ ಎಳೆದಿದ್ದರು. ಮನುಷ್ಯರ ಮೂಗಿಗೆ ಮಲ್ಲಿಗೆ, ಬೆಕ್ಕಿನ ಮೂಗಿಗೆ ಮೀನು.

ಹಾಜಿರಾ ಬೀ ದಾರ ಹಿಡಿದು ಎಳೆಯಲು ಹೋದಳು. ದಸ್ತಗೀರ್ ಸಾಬ್ ಆಕೆಯ ಕೈ ಹಿಡಿದರು. ಎಳೆದರೆ ಸೂಜಿ ಅಡ್ಡ ತಿರುಗುವುದೆಂಬ ಹೆದರಿಕೆ.

ಸದ್ದು ಕೇಳಿ ಪಕ್ಕದ ಅಕ್ಕಿ ಅಂಗಡಿಯ ವಿರೂಪಣ್ಣ ಬಂದರು. ಈ ಬೆಕ್ಕು ಉಣ್ಣುವುದು ಸಾಬರ ಮನೆಯಲ್ಲಿ, ಇಲಿ ಹಿಡಿಯುವುದು ಮತ್ತು ಮಲಗುವುದು ವಿರೂಪಣ್ಣನ ಚೀಲಗಳ ಸಂದಿಯಲ್ಲಿ. ಇಲ್ಲಿ ಅದರ ಹೆಸರು ಚಮೇಲಿ, ಅಲ್ಲಿ ಗೌರಿ. ನಮ್ಮದು, ನಮ್ಮದು ಎಂದು ಗೋಡೆಯ ಆಚೆ ಈಚೆ ನಿಂತು ಇಬ್ಬರೂ ಎಷ್ಟೋ ವರ್ಷ ಚೇಷ್ಟೆಯ ಜಗಳ ಆಡಿದ್ದರು.

ಭಾನುವಾರವಾದ್ದರಿಂದ ಊರಿನ ದನದ ದವಾಖಾನೆಗೆ ಬೀಗ. ವಿರೂಪಣ್ಣ ಯಾರ್ಯಾರಿಗೋ ಫೋನು ಮಾಡಿ, ರಾಯಚೂರಿನಲ್ಲಿ ಸ್ವಂತ ಕ್ಲಿನಿಕ್ ಇಟ್ಟಿದ್ದ ಅನುರಾಧಾ ಡಾಕ್ಟರನ್ನು ಹಿಡಿದರು. ದಾರ ಮುಟ್ಟಬೇಡಿ, ಕೂಡಲೇ ತನ್ನಿ ಎಂದಳು ಆಕೆ. ವಿರೂಪಣ್ಣ ತಮ್ಮ ಗೂಡ್ಸ್ ಗಾಡಿ ತೆಗೆದರು. ಹಾಜಿರಾ ಬೀ ಮಡಿಲಲ್ಲಿ ಬೆಕ್ಕಿನ ಬುಟ್ಟಿ, ದಸ್ತಗೀರ್ ಸಾಬರ ಮಡಿಲಲ್ಲಿ ಒದ್ದೆ ಬಟ್ಟೆ ಮುಚ್ಚಿದ ಹೂವಿನ ಬುಟ್ಟಿ. ಮದುಮಗನ ಅಣ್ಣ ವಸೀಮ್ ಹೇಗೂ ರಾಯಚೂರಿನಿಂದಲೇ ದೇವದುರ್ಗಕ್ಕೆ ಹೊರಡುವವನು. ಸೆಹ್ರಾವನ್ನು ಕ್ಲಿನಿಕ್ಕಿನಿಂದಲೇ ಒಯ್ಯಲು ಅವನಿಗೆ ಹೇಳಿದ್ದಾಯಿತು.

ಎಕ್ಸ್‌ರೇಯಲ್ಲಿ ಸೂಜಿ ಕಂಡಿತು, ಗಂಟಲ ಹಿಂದೆ ಓರೆಯಾಗಿ. ಅನುರಾಧಾ ಮೂವರನ್ನೂ ಕೂಡಿಸಿಕೊಂಡು ಹೇಳಿದಳು.

“ಚಾಚಾ, ಮದ್ಲೇ ಹೇಳಿಬಿಡ್ತೀನಿ. ಸೂಟಿ ದಿನ ಅದ. ಕೈಕೆಳಗಿನವ್ರನ್ನ ಶಕ್ತಿನಗರದಿಂದ ಕರಸಬೇಕು, ಮಂಪರಿನ ಇಂಜೆಕ್ಷನ್, ರಾತ್ರಿ ಇಲ್ಲೇ ಇಟ್ಕೊಳ್ಳೋದು, ಎಲ್ಲಾ ಸೇರಿ ಒಂಬತ್ತು ಸಾವಿರ ಆಗ್ತದ. ನಾಳೆ ಆದ್ರ ಅರ್ಧಕ್ಕ ಮುಗೀತದ. ಆದ್ರ ನಾಳಿತನಕ ಸೂಜಿ ಅಲ್ಲೇ ಇರ್ತದಂತ ನಾ ಹೇಳಂಗಿಲ್ಲ. ಒಳಗ ಇಳದ್ರ ಹೊಟ್ಟಿ ಕೊಯ್ಬೇಕಾಗ್ತದ.” ಸ್ವಲ್ಪ ತಡೆದು ಕೇಳಿದಳು, “ಬೆಕ್ಕು ಯಾರದು?”

ವಿರೂಪಣ್ಣ ಗೋಡೆಯ ಮೇಲಿನ ಎಮ್ಮೆಯ ಚಿತ್ರ ನೋಡಿದರು. ದಸ್ತಗೀರ್ ಸಾಬ್ ಹೂವಿನ ಬುಟ್ಟಿ ನೋಡಿದರು. ಆ ಸೆಹ್ರಾದಿಂದ ಬರುವ ದುಡ್ಡು ಇದರ ಕಾಲು ಭಾಗವೂ ಆಗುತ್ತಿರಲಿಲ್ಲ. ಬುಟ್ಟಿಯೊಳಗಿಂದ ಬೆಕ್ಕು ಮತ್ತೆ ಕೆಮ್ಮಿತು. ಕೂಗಿ ಕೂಗಿ ನನ್ನದು ಎಂದವನು ಈಗ ಸುಮ್ಮನಿದ್ದೇನಲ್ಲ ಎಂದು ಸಾಬರಿಗೆ ನಾಚಿಕೆಯಾಯಿತು.

“ನಂದ್ರಿ ಮೇಡಂ. ಮೀನು ನಂದು, ದಾರ ನಂದು, ಬೆಕ್ಕೂ ನಂದೇ. ಸೂಜಿ ತಗೀರಿ,” ಎಂದರು.

ವಿರೂಪಣ್ಣ ಎಮ್ಮೆಯ ಚಿತ್ರ ಬಿಟ್ಟು ತಿರುಗಿದರು. “ಏನ್ ಸಾಬ್ರೇ, ಇಷ್ಟು ವರ್ಷ ನಮ್ಮ ಅಂಗಡ್ಯಾಗ ದುಡದಾಳ ಆಕಿ. ಪಗಾರ ಕೇಳ್ಲಿಲ್ಲಂದ್ರ ನಮ್ಮಾಕಿ ಅಲ್ಲೇನು? ಅರ್ಧ ನಂದು. ಮೇಡಂ, ಚಮೇಲಿಗೌರಿ ಅಂತ ಬರ್ಕೋರಿ.”

ಅನುರಾಧಾ ನಕ್ಕಳು. ಸಾಬರು ತಮ್ಮ ಪಾಲನ್ನು ಮದುವೆ ಹಂಗಾಮು ಮುಗಿಯುವುದರೊಳಗೆ ತೀರಿಸಿದರೂ ನಡೆಯುತ್ತದೆಂದು ಹೇಳಿ ಒಳಗೆ ಹೋದಳು.

ಹೊರಗಿನ ಬೆಂಚಿನ ಮೇಲೆ ಸೆಹ್ರಾ ಮತ್ತೆ ಮೊದಲಿನಿಂದ ಶುರುವಾಯಿತು. ಹಾಜಿರಾ ಬೀ ಗಂಡನನ್ನು ನಲ್ಲಿಗೆ ಕಳಿಸಿ, ಕ್ಲಿನಿಕ್ಕಿನ ಸಾಬೂನಿನಿಂದಲೇ ಕೈ ತೊಳೆಸಿದಳು. ಅವರು ಆವತ್ತು ಎದುರಾಡಲಿಲ್ಲ. ವಿರೂಪಣ್ಣ ಗುಲಾಬಿಯ ತೊಟ್ಟು ಮುರಿದು ಕೊಡುತ್ತ, ಮೊದಲಿನ ಸೆಹ್ರಾ ಹಾಕಿಕೊಂಡಿದ್ದರೆ ಮದುಮಗನ ಹಿಂದೆ ದೇವದುರ್ಗದ ಬೆಕ್ಕುಗಳೆಲ್ಲ ಮೆರವಣಿಗೆ ಹೊರಡುತ್ತಿದ್ದವೆಂದು ಕಾಡಿದರು.

ಹೊತ್ತು ಇಳಿಯುವಾಗ ವಸೀಮ್‌ನ ಕಾರು ಬಂತು. ಸೆಹ್ರಾ ಮುಗಿದಿತ್ತು. ಅವನು ಕೈ ಚಾಚಿದ. ದಸ್ತಗೀರ್ ಸಾಬ್ ಕೊಡಲಿಲ್ಲ, ಸ್ವಲ್ಪ ನಿಲ್ಲಪ್ಪ ಎಂದರು. ಅವನು ಗಡಿಯಾರ ನೋಡಿಕೊಂಡ. ಮತ್ತೊಂದು ಸಲವೂ ನೋಡಿಕೊಂಡ. ಸಾಬರ ಕಣ್ಣು ಬಾಗಿಲ ಮೇಲೆಯೇ ಇತ್ತು.

ಬಾಗಿಲು ತೆರೆದು ಅನುರಾಧಾ ಸ್ಟೀಲಿನ ತಟ್ಟೆ ಹಿಡಿದು ಬಂದಳು. ತಟ್ಟೆಯಲ್ಲಿ ಸೂಜಿ, ದಾರದ ಸಮೇತ.

“ಉಸಿರಾಟ ಛಲೋ ಅದ ಚಾಚಾ. ಹೊತ್ತಿಗೆ ಸರಿಯಾಗಿ ತಂದ್ರಿ. ಸೂಜಿ ಕಳದದ್ದು ಅಷ್ಟು ಲಗೂ ಹೆಂಗ ಗೊತ್ತಾತು?”

ಅವರು ಅದನ್ನು ತೊಳೆದು, ಒದ್ದೆ ಬಟ್ಟೆಯ ಮೇಲೆ ಉಳಿದವುಗಳ ಪಕ್ಕ ಚುಚ್ಚಿ ತೋರಿಸಿದರು. ಸಾಲು ತುಂಬಿತ್ತು. ಆಮೇಲೆ ಸೆಹ್ರಾವನ್ನು ಎರಡೂ ಕೈಯಲ್ಲಿ ಎತ್ತಿ ವಸೀಮ್‌ಗೆ ಕೊಟ್ಟರು.

ಬೆಕ್ಕು ಮನೆಗೆ ಬಂದದ್ದು ಮಂಗಳವಾರ. ಹಾಜಿರಾ ಬೀ ಗಂಜಿ ಕುಡಿಸಿದಳು, ಹೊರಗೆ ಬಿಡಲಿಲ್ಲ. ಗೋಡೆಯಾಚೆಯಿಂದ ವಿರೂಪಣ್ಣ ದಿನಾ ಗೌರಿ, ಗೌರಿ ಎಂದು ಕೇಳುತ್ತಿದ್ದರು. ಶುಕ್ರವಾರ ದಸ್ತಗೀರ್ ಸಾಬ್ ಮಲ್ಲಿಗೆ ಬಿಡಿಸುತ್ತ ಕೂತಿದ್ದಾಗ ಬೆಕ್ಕು ಎದ್ದು ಮೈ ಮುರಿಯಿತು, ಗೋಡೆ ಹಾರಿತು, ತನ್ನ ಅಕ್ಕಿ ಚೀಲಗಳ ಕಡೆ ಹೋಯಿತು. ಅವರು ಕರೆಯಲಿಲ್ಲ.